ಎರಡನೇ ಶೆಡ್ಡಿನ ಜಹಾನಾರಾ

ತಾಯಲೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಹೆಂಗಸರು ಜಹಾನಾರಾಳನ್ನು ಆಪಾ ಎಂದೇ ಕರೆಯುತ್ತಿದ್ದರು. ಆಪಾ ಎಂದರೆ ಅಕ್ಕ ಎಂದು ಗೊತ್ತಿದ್ದವರೂ ಹಾಗೆ ಕರೆದರು, ಅದೇ ಅವಳ ಹೆಸರು ಎಂದುಕೊಂಡವರೂ ಹಾಗೆ ಕರೆದರು. ಅವಳು ಮುಳಬಾಗಿಲಿನವಳು. ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನಲವತ್ತು ದಾಟಿದ ಎತ್ತರದ ಆಳು, ದೊಡ್ಡ ದನಿ. ಹೊಲಿಗೆ ಮಷೀನುಗಳ ಸದ್ದಿನ ನಡುವೆ ಕೂಗಿ ಕೂಗಿ ಬಂದ ದನಿ ಅದು. ಮನೆಯೊಳಗೆ ಕೂತು ಮಾತಾಡುವಾಗಲೂ ತಗ್ಗುತ್ತಿರಲಿಲ್ಲ.

ಅಪ್ಪ ಪೀರ್ ಸಾಬ್ ಮುಳಬಾಗಿಲಿನಲ್ಲಿ ಟೈಲರ್. ಒಂದು ಕಾಲಕ್ಕೆ ಊರಿನ ಅರ್ಧ ಶಾಲೆಗಳ ಯೂನಿಫಾರಂ ಅವರ ಅಂಗಡಿಯಿಂದಲೇ ಹೋಗುತ್ತಿತ್ತು. ಜಹಾನಾರಾ ಹೊಲಿಗೆ ಕಲಿತಿದ್ದು ಅಲ್ಲೇ. ಮದುವೆಯಾಗಿ ವಾಣಿಯಂಬಾಡಿಗೆ ಹೋದಳು. ಗಂಡ ಇನ್ನೊಬ್ಬಳನ್ನು ಮನೆಗೆ ತಂದ. ಅವಳು ಜಗಳವಾಡಲಿಲ್ಲ, ಎಳೆಮಗು ಅಂಬ್ರೀನ್‌ಳನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಪೀರ್ ಸಾಬ್ ಏನೂ ಕೇಳಲಿಲ್ಲ. ಮರುದಿನ ಅಂಗಡಿಯಲ್ಲಿ ತನ್ನ ಮಷೀನಿನ ಪಕ್ಕದಲ್ಲಿದ್ದ ಬಟ್ಟೆಯ ಗಂಟನ್ನು ಅತ್ತ ಸರಿಸಿ ಇನ್ನೊಂದು ಮಷೀನು ಇಟ್ಟರು, ಅಷ್ಟೇ. ಆಮೇಲೆ ಶಾಲೆಗಳಿಗೆ ರೆಡಿಮೇಡ್ ಯೂನಿಫಾರಂ ಬಂತು. ಅಂಗಡಿ ಒಬ್ಬರಿಗೇ ಸಾಲದಾಯಿತು. ಆಗ ಜಹಾನಾರಾ ಮಾಲೂರಿಗೆ ಹೋಗಿ ದಾರದ ತುದಿ ಕತ್ತರಿಸುವ ಹೆಲ್ಪರ್ ಆಗಿ ಸೇರಿದಳು. ಹೆಲ್ಪರ್ ಟೈಲರ್ ಆದಳು, ಟೈಲರ್ ಸೂಪರ್‌ವೈಸರ್ ಆದಳು. ಇದಕ್ಕೆ ಹದಿನೈದು ವರ್ಷ ಹಿಡಿಯಿತು.

ಆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದುದು ಪೂರ್ತಿ ಮಕ್ಕಳ ಬಟ್ಟೆ. ಅಮೆರಿಕದ ಅಂಗಡಿಗಳಿಗೆ ಹೋಗುವ ಫ್ರಾಕು, ಪೈಜಾಮ, ಚಳಿಗಾಲದ ದಪ್ಪ ಅಂಗಿ. ಅಂಗಿಯ ಮೇಲೆ ಹಿಮದ ಬೊಂಬೆ, ಕರಡಿ. ನಮ್ಮ ಕಡೆಯ ಹೆಂಗಸರು ಬೇಸಗೆಯ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ಆ ಹಿಮದ ಬೊಂಬೆಗಳನ್ನು ಹೊಲಿಯುತ್ತಿದ್ದರು.

೨೦೨೪ರ ಆಗಸ್ಟಿನಲ್ಲಿ ಬಾಂಗ್ಲಾದೇಶದಲ್ಲಿ ಗಲಾಟೆ ಎದ್ದು ಸರ್ಕಾರ ಬಿತ್ತು. ಅಲ್ಲಿನ ಕಾರ್ಖಾನೆಗಳು ವಾರಗಟ್ಟಲೆ ಬಾಗಿಲು ಹಾಕಿದವು. ಅಮೆರಿಕದ ಅಂಗಡಿಯವರಿಗೆ ಬಟ್ಟೆ ಹೊತ್ತಿಗೆ ಸರಿಯಾಗಿ ಬೇಕು, ಯಾರು ಹೊಲಿದರೆ ಏನು. ಅಲ್ಲಿಗೆ ಹೋಗಬೇಕಾಗಿದ್ದ ಆರ್ಡರು ಮಾಲೂರಿಗೆ ಬಂತು. ಎಚ್‌ಆರ್ ಆಫೀಸರ್ ಕದಿರೇಶ ಅಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದ. ಶ್ರೀನಿವಾಸಪುರದ ಕಡೆಯವನು, ಮಾವಿನ ತೋಟದ ಮನೆತನ. ನಗುಮುಖದ, ಯಾರಿಗೂ ಗದರದ ಮನುಷ್ಯ.

"ಆಪಾ, ಎರಡನೇ ಶೆಡ್ಡು ಹಾಕ್ತಾವ್ರೆ," ಎಂದ ಜಹಾನಾರಾಳ ಹತ್ತಿರ ಬಂದು. ಕಾರ್ಖಾನೆಯಲ್ಲಿ ಅವನೂ ಅವಳನ್ನು ಹಾಗೇ ಕರೆಯುತ್ತಿದ್ದ. "ಮಷೀನು ಬರ್ತವೆ. ಜನ ಬೇಕು. ಮಾಲೂರು ಸುತ್ತ ಸಿಗಲ್ಲ, ಎಲ್ಲಾ ನರಸಾಪುರದ ಫೋನ್ ಫ್ಯಾಕ್ಟರಿ ಕಡೆ ಹೋಗ್ತಾವ್ರೆ. ನಿಮ್ಮ ಕಡೆ ಹಳ್ಳಿಗಳಲ್ಲಿ ನಿಮ್ಮ ಮಾತು ಕೇಳ್ತಾರೆ. ನೀವೇ ಹೋಗಿ ಕರ್ಕೊಂಬನ್ನಿ. ಆ ಶೆಡ್ಡು ನಿಮ್ಮದೇ."

ಹೀಗೆ ಜಹಾನಾರಾ ಭಾನುವಾರಗಳಂದು ಹಳ್ಳಿಗಳಿಗೆ ಹೋಗತೊಡಗಿದಳು. ಬುರ್ಖಾದ ಮೇಲೆ ಕಾರ್ಖಾನೆಯ ಗುರುತಿನ ಚೀಟಿ ನೇತುಹಾಕಿಕೊಂಡು, ಆಟೋ ಹೋಗುವಲ್ಲಿ ಆಟೋದಲ್ಲಿ, ಹೋಗದ ಕಡೆ ನಡೆದುಕೊಂಡು. ತಾಯಲೂರಿನ ಆಚೆಯ ಒಂದು ಹಳ್ಳಿಯಲ್ಲಿ ದೊಡ್ಡಗಂಗಮ್ಮ ಎಂಬ ಮುದುಕಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ಯಾರಮ್ಮಾ ನೀನು?"

"ಮುಳಬಾಗಿಲು ಟೈಲರ್ ಪೀರ್ ಸಾಬ್ ಮಗಳಮ್ಮ."

"ಪೀರ್ ಸಾಬಾ? ನನ್ ಮಗ ಆಂಜಿ ಮದ್ವೆಗೆ ಕೋಟು ಹೊಲ್ದಿದ್ದು ಅವ್ನೇ. ತೋಳು ಗಿಡ್ಡ ಮಾಡ್ಬಿಟ್ಟಿದ್ದ."

"ಅಬ್ಬಾಗೆ ಹೇಳ್ತೀನಿ ಬಿಡಮ್ಮ," ಎಂದು ಜಹಾನಾರಾ ನಕ್ಕಳು. ಮುದುಕಿ ನಗಲಿಲ್ಲ. ಆದರೆ ಕೂರಲು ಚಾಪೆ ಹಾಸಿದಳು.

ಮಾಲೂರು ದೂರ, ಹೆಣ್ಣುಮಕ್ಕಳು ಕತ್ತಲೆಗೆ ಎದ್ದು ಹೋಗಿ ಕತ್ತಲೆಗೆ ಬರಬೇಕು, ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಜವಾಬ್ದಾರಿ ಎಂದು ದೊಡ್ಡಗಂಗಮ್ಮ ಒಂದೊಂದಾಗಿ ಕೇಳಿದಳು. ವ್ಯಾನು ಬಾಗಿಲಿಗೇ ಬರುತ್ತದೆ, ವ್ಯಾನಿನಲ್ಲಿ ನಾನೂ ಇರುತ್ತೇನೆ, ಪಿಎಫ್ ಇದೆ, ಇಎಸ್‌ಐ ಇದೆ ಎಂದು ಜಹಾನಾರಾ ಒಂದೊಂದಕ್ಕೂ ಉತ್ತರ ಕೊಟ್ಟಳು.

"ಅವೆಲ್ಲ ನಂಗೊತ್ತಾಗಲ್ಲ. ಕೆಲ್ಸ ಬಿಡಿಸಿ ಅರ್ಧದಲ್ಲಿ ಕಳ್ಸಿಬಿಟ್ರೆ ಯಾರನ್ನ ಕೇಳ್ಬೇಕು?"

"ನನ್ನ ಕೇಳಮ್ಮ. ನಾನೆಲ್ಲೂ ಓಡೋಗಲ್ಲ. ಮುಳಬಾಗಿಲಲ್ಲಿ ನಮ್ಮಪ್ಪನ ಅಂಗಡಿ ಇದೆ, ಬಂದು ಜುಟ್ಟು ಹಿಡ್ಕೋ."

ಒಳಗೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಸೊಸೆ ವಾಣಿಶ್ರೀ ಆಗ ಹೊರಗೆ ಬಂದಳು. ಸಣ್ಣ ಮೈಕಟ್ಟಿನ ಹುಡುಗಿ, ಸೊಂಟದ ಮೇಲೆ ಮಗಳು. "ನಾನು ಹೋಗ್ತೀನತ್ತೆ," ಎಂದಳು. ಅವಳ ಗಂಡ ಆಂಜಿ ಗ್ರಾನೈಟ್ ಕ್ವಾರಿಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಸಂಜೆ ಅವನು ಬಂದ ಮೇಲೆ ಹೇಳುತ್ತೇವೆ ಎಂದಳು ಮುದುಕಿ. ಸೋಮವಾರ ವಾಣಿಶ್ರೀ ವ್ಯಾನು ಹತ್ತಿದಳು.

ದೀಪಾವಳಿಯ ಹೊತ್ತಿಗೆ ಎರಡನೇ ಶೆಡ್ಡು ಶುರುವಾಯಿತು. ಹೊಸ ಮಷೀನುಗಳಿಗೆ ಪೂಜೆ ಮಾಡಿ, ಅರಿಶಿನ ಕುಂಕುಮ ಹಚ್ಚಿ, ಒಂದೊಂದರ ಕೆಳಗೂ ನಿಂಬೆಹಣ್ಣು ಇಟ್ಟರು. ಹಳ್ಳಿಯ ಹೆಂಗಸರು ಮೊದಮೊದಲು ಕರೆಂಟಿನ ಮಷೀನು ಓಡುವ ವೇಗಕ್ಕೆ ಬೆಚ್ಚಿ ಕೈ ಎಳೆದುಕೊಳ್ಳುತ್ತಿದ್ದರು. ಸೂಜಿ ಬೆರಳಿಗೆ ಚುಚ್ಚಿಸಿಕೊಂಡವರಿದ್ದರು. ಜಹಾನಾರಾ ಒಬ್ಬೊಬ್ಬರ ಹಿಂದೆಯೂ ನಿಂತು, ಅವರ ಕೈಯ ಮೇಲೆ ತನ್ನ ಕೈ ಇಟ್ಟು ಬಟ್ಟೆ ಜಾರಿಸುವುದನ್ನು ಕಲಿಸಿದಳು. ವಾಣಿಶ್ರೀ ಎಲ್ಲರಿಗಿಂತ ಬೇಗ ಕಲಿತಳು. ಪುಟ್ಟ ಅಂಗಿಗೆ ತೋಳು ಜೋಡಿಸುವ ಕೆಲಸ, ಸುತ್ತಳತೆ ಚಿಕ್ಕದಾದ್ದರಿಂದ ತುಂಬಾ ತೊಡಕಿನದು, ಅವಳ ಕೈಗೇ ಬಂತು. ದಿನಾ ಬೆಳಗ್ಗೆ ಕೆಲಸಕ್ಕೆ ಕೂರುವ ಮುಂಚೆ ಮಷೀನಿಗೆ ಚಿಟಿಕೆ ಕುಂಕುಮ ಇಡುವುದು ಅವಳ ರೂಢಿಯಾಯಿತು. ಬಿಳಿ ಬಟ್ಟೆಗೆ ಹತ್ತಿಬಿಡುತ್ತೆ ಕಣೇ ಎಂದು ಜಹಾನಾರಾ ಬೈಯುತ್ತಿದ್ದಳು. ಮೇಲೆ ಕಾಣದಂತೆ ಅಡಿಯಲ್ಲಿ ಹಚ್ಚುತ್ತಿದ್ದಳು ಹುಡುಗಿ.

ಆ ಒಂದು ವರ್ಷ ಜಹಾನಾರಾಳ ಬಾಳಿನ ಒಳ್ಳೆಯ ವರ್ಷ. ಬೆಳಗಿನ ವ್ಯಾನಿನಲ್ಲಿ ಅರ್ಧ ಜನ ನಿದ್ದೆ, ಇನ್ನರ್ಧ ತೆಲುಗಿನಲ್ಲೋ ಕನ್ನಡದಲ್ಲೋ ಮಾತು. ಯಾರದೋ ಡಬ್ಬಿಯ ಹುಣಿಸೆ ಚಟ್ನಿ ವಾಸನೆ. ವಾಣಿಶ್ರೀ ಮಗಳನ್ನು ಮುಳಬಾಗಿಲಿನ ಇಂಗ್ಲಿಷ್ ಶಾಲೆಗೆ ಸೇರಿಸಿದಳು. ಮುತ್ಯಾಲಮ್ಮ ಎಂಬವಳು, ಗಂಡ ಬಿಟ್ಟುಹೋದವಳು, ತಮ್ಮನ ಮನೆಯ ಜಗಲಿಯಿಂದ ಎದ್ದು ತಾನೇ ಒಂದು ಬಾಡಿಗೆ ಕೋಣೆ ಹಿಡಿದಳು. ರಂಜಾನ್ ಹಬ್ಬಕ್ಕೆ ಹೆಂಗಸರೆಲ್ಲ ಸೇರಿ ಆಪಾಗೆ ಒಂದು ಸೀರೆ ತಂದುಕೊಟ್ಟರು. ಅಂಬ್ರೀನ್ ಕೋಲಾರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಅಂಗಡಿಯಲ್ಲಿ ಕೂತ ಪೀರ್ ಸಾಬ್, ಬಂದವರಿಗೆಲ್ಲ ತನ್ನ ಮಗಳ ಕೈಕೆಳಗೆ ಒಂದು ಶೆಡ್ಡು ತುಂಬ ಜನ ಇದ್ದಾರೆ ಎಂದು ಹೇಳುತ್ತಿದ್ದರು.

೨೦೨೫ರ ಏಪ್ರಿಲ್‌ನಲ್ಲಿ ಅಮೆರಿಕದವರು ಹೊರಗಿನಿಂದ ಬರುವ ಸಾಮಾನಿಗೆಲ್ಲ ಸುಂಕ ಹಾಕುತ್ತಾರೆ ಎಂದು ಸುದ್ದಿ ಬಂತು. ಆಮೇಲೆ ತಡೆದರು ಎಂದರು. ಕದಿರೇಶ ಧೈರ್ಯವಾಗಿದ್ದ. ಚೀನಾಕ್ಕೆ ಹೆಚ್ಚು ಹಾಕ್ತಾರೆ, ನಮಗೆ ಕಮ್ಮಿ, ಇನ್ನೂ ಆರ್ಡರ್ ಬರುತ್ತೆ, ಮೂರನೇ ಶೆಡ್ಡಿಗೆ ಜಾಗ ನೋಡ್ತಿದ್ದಾರೆ ಎಂದ. ಆಗಸ್ಟಿನಲ್ಲಿ ಮೊದಲು ಒಂದು ಸುಂಕ ಬಿತ್ತು, ಅದರ ಮೇಲೆ ಅಷ್ಟೇ ದೊಡ್ಡ ಇನ್ನೊಂದು. ನೂರು ರೂಪಾಯಿಯ ಅಂಗಿಗೆ ಐವತ್ತು ರೂಪಾಯಿ ಸುಂಕ. ಎರಡನೆಯದು ದಂಡ, ನಮ್ಮ ದೇಶ ರಷ್ಯಾದಿಂದ ಎಣ್ಣೆ ಕೊಂಡಿದ್ದಕ್ಕೆ ಹಾಕಿದ್ದು ಎಂದು ಟಿವಿಯಲ್ಲಿ ಹೇಳಿದರು.

ಮರುದಿನ ವ್ಯಾನಿನಲ್ಲಿ ಅದೇ ಮಾತು.

"ಎಣ್ಣೆ ತಗೊಂಡೋರ್ಯಾರೋ, ದಂಡ ನಮಗ್ಯಾಕೆ ಆಪಾ?" ಎಂದಳು ಮುತ್ಯಾಲಮ್ಮ. "ನಮ್ಮನೇಲಿ ಪಾಮಾಯಿಲ್ ಬಿಟ್ಟು ಬೇರೆ ಎಣ್ಣೆ ಕಂಡೋರಿಲ್ಲ."

"ಆ ಎಣ್ಣೆ ಅಲ್ಲ ಕಣೇ. ಪೆಟ್ರೋಲು, ಡೀಸೆಲ್ಲು ಮಾಡೋ ಎಣ್ಣೆ."

"ಅದೂ ನಂದಲ್ಲ. ನಂದೊಂದು ಸೈಕಲ್ಲೂ ಇಲ್ಲ."

ವ್ಯಾನು ತುಂಬ ನಕ್ಕರು. ಜಹಾನಾರಾಳೂ ನಕ್ಕಳು. ಆದರೆ ಕಾರ್ಖಾನೆಗೆ ಹೋಗಿ ನೋಡಿದರೆ ಚೆನ್ನೈ ಬಂದರಿಗೆ ಹೋಗಬೇಕಾಗಿದ್ದ ಲಾರಿ ತುಂಬಿದಂತೆಯೇ ಅಂಗಳದಲ್ಲಿ ನಿಂತಿತ್ತು. ಅಮೆರಿಕದವರು ಕಳಿಸಬೇಡಿ ಎಂದಿದ್ದರು. ಕಳಿಸುವುದಾದರೆ ಸುಂಕದ ಅರ್ಧ ನೀವೇ ಹೊರಬೇಕು ಎಂದಿದ್ದರು. ಆ ವಾರ ಹಿಮದ ಬೊಂಬೆಗಳ ಅಂಗಿಗಳ ಡಬ್ಬಗಳನ್ನು ಕ್ಯಾಂಟೀನಿನ ಗೋಡೆಯುದ್ದಕ್ಕೂ ಪೇರಿಸಿದರು. ಹೆಂಗಸರು ಅವಕ್ಕೆ ಒರಗಿಕೊಂಡು ಊಟ ಮಾಡಿದರು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕದಿರೇಶ ಜಹಾನಾರಾಳನ್ನು ಕೋಣೆಗೆ ಕರೆದ. ಮುಖದಲ್ಲಿ ನಗು ಇರಲಿಲ್ಲ.

"ಎರಡನೇ ಶೆಡ್ಡು ಸದ್ಯಕ್ಕೆ ನಿಲ್ಲಿಸ್ತಾರೆ ಆಪಾ. ಕಂಪನಿಯೋರು ಕೆಲಸದಿಂದ ತೆಗೀತೀವಿ ಅನ್ನಲ್ಲ. ಅವರಾಗೇ ಬಿಡ್ತೀವಿ ಅಂತ ಬರ್ಕೊಟ್ರೆ ಈ ತಿಂಗಳ ಸಂಬಳದ ಜೊತೆ ಒಂದಿಷ್ಟು ಸೇರಿಸಿ ಕೊಡ್ತಾರೆ. ಆರ್ಡರ್ ಬಂದ ಕೂಡಲೇ ಇವರನ್ನೇ ಮೊದಲು ಕರೀತೀವಿ."

"ಬರ್ಕೊಟ್ಟು ಹೋದೋರನ್ನ ಮತ್ತೆ ಕರೀತಾರಾ ಸಾರ್?"

"ಕೆಲಸ ಕಲಿತಿರೋ ಕೈಗಳನ್ನ ಯಾರಾದ್ರೂ ಬಿಡ್ತಾರಾ? ನೀವು ಹೇಳಿದ್ರೆ ನಂಬ್ತಾರೆ. ನಾನು ಹೇಳಿದ್ರೆ ಗಲಾಟೆ ಆಗುತ್ತೆ."

ಅವನು ಬೇಕೆಂದೇ ಸುಳ್ಳು ಹೇಳಿದನೋ, ಅವನಿಗೂ ಮೇಲಿನವರು ಹಾಗೇ ಹೇಳಿದ್ದರೋ, ಜಹಾನಾರಾಗೆ ಇವತ್ತಿಗೂ ಗೊತ್ತಿಲ್ಲ. ಅವಳು ನಂಬಿದಳು. ನಂಬದೆ ಇದ್ದಿದ್ದರೆ ಶೆಡ್ಡಿಗೆ ಹೋಗಿ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಶನಿವಾರ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸೇರಿಸಿದಳು. ಎಂದಿನ ದೊಡ್ಡ ದನಿಯಲ್ಲೇ ಹೇಳಿದಳು. ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ವಾಣಿಶ್ರೀ ಮಾತ್ರ ಪೆನ್ನು ಹಿಡಿದು ನಿಂತೇ ಇದ್ದಳು.

"ನಿಜವಾಗ್ಲೂ ಕರೀತಾರಾ ಆಪಾ?"

"ಕರೀತಾರೆ ಕಣೇ."

"ನೀವು ಹೇಳಿ. ಅವರು ಹೇಳಿದ್ದು ಬೇಡ. ನೀವು ಹೇಳಿ."

"ನಾನೇ ಹೇಳ್ತಿದೀನಲ್ಲೇ. ಕರೀತಾರೆ. ನಾನಿದೀನಿ."

ವಾಣಿಶ್ರೀ ಸಹಿ ಹಾಕಿದಳು. ಸೋಮವಾರದಿಂದ ಆ ಕಡೆಯ ವ್ಯಾನು ನಿಂತಿತು. ಮೊದಲನೇ ಶೆಡ್ಡು ಕುಂಟುತ್ತಾ ನಡೆಯುತ್ತಿತ್ತು, ಜಹಾನಾರಾಳನ್ನು ಅಲ್ಲಿಗೆ ಹಾಕಿದರು. ಅವಳು ಮುಳಬಾಗಿಲಿನಿಂದ ಬಸ್ಸಿನಲ್ಲಿ, ಕೋಲಾರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಹೋಗುತ್ತಿದ್ದಳು. ಬಸ್ಸಿನಲ್ಲಿ ಕೂತಾಗಲೇ ಫೋನು ಬರುತ್ತಿತ್ತು. ಆಪಾ, ಏನಾದ್ರೂ ಗೊತ್ತಾಯ್ತಾ? ದಸರಾ ಆಗಲಿ ಎನ್ನುತ್ತಿದ್ದಳು. ದಸರಾ ಆದ ಮೇಲೆ ದೀಪಾವಳಿ ಆಗಲಿ ಎಂದಳು.

ದೀಪಾವಳಿ ಕಳೆದು ಕೆಲವು ದಿನಕ್ಕೆ ಕದಿರೇಶ ಮತ್ತೆ ಕರೆದ. ಈ ಸಲ ನಗು ಇತ್ತು. ಕಂಪನಿಯವರು ಆಫ್ರಿಕಾದ ಕೀನ್ಯಾದಲ್ಲಿ ಒಂದು ಕಾರ್ಖಾನೆ ತೆಗೆಯುತ್ತಿದ್ದರು. ಅಲ್ಲಿಂದ ಕಳಿಸುವ ಬಟ್ಟೆಗೆ ಅಮೆರಿಕದಲ್ಲಿ ಸುಂಕ ಬಹಳ ಕಡಿಮೆ. ಎರಡನೇ ಶೆಡ್ಡಿನ ಮಷೀನುಗಳು ಹಡಗಿನಲ್ಲಿ ಅಲ್ಲಿಗೆ ಹೋಗುತ್ತವೆ. ಅಲ್ಲಿನ ಹೆಂಗಸರಿಗೆ ಹೊಲಿಗೆ ಕಲಿಸಲು ಒಬ್ಬ ಸೂಪರ್‌ವೈಸರ್ ಬೇಕು.

"ಆರು ತಿಂಗಳು ಆಪಾ. ಸಂಬಳ ಮೂರರಷ್ಟು. ಊಟ, ಮನೆ ಅವರದೇ. ಹೊಸಬರಿಗೆ ಕಲಿಸೋದ್ರಲ್ಲಿ ನಿಮ್ಮಂಥೋರು ಇಲ್ಲ ಅಂತ ನಾನೇ ಹೆಸರು ಕೊಟ್ಟಿದೀನಿ."

"ನಮ್ಮ ಹುಡುಗೀರು?"

ಕದಿರೇಶ ಮೇಜಿನ ಮೇಲಿದ್ದ ಫೈಲನ್ನು ಸರಿಮಾಡಿದ. "ನೋಡೋಣ," ಎಂದ.

ಮನೆಯಲ್ಲಿ ಅಂಬ್ರೀನ್ ಕುಣಿದಳು. ಅಮ್ಮಿ ವಿಮಾನ ಹತ್ತುತ್ತಾಳೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದಳು. ಅವಳಿಗೆ ಅದು ಕೊನೆಯ ವರ್ಷ, ಆಮೇಲೆ ಬೆಂಗಳೂರಿನಲ್ಲಿ ಎಂ.ಕಾಂ. ಮಾಡುವ ಆಸೆ. ಪೀರ್ ಸಾಬ್ ಮಾತ್ರ ದಖನಿಯಲ್ಲಿ ಮೆಲ್ಲಗೆ, "ತೇರೇ ಮನ್ ಮೇ ನಕ್ಕೋ ಹೈ ತೋ ನಕ್ಕೋ ಜಾ ಬೇಟಿ," ಎಂದರು. ಮನಸ್ಸಿಗೆ ಬೇಡ ಅನಿಸಿದರೆ ಹೋಗಬೇಡ. ಜಹಾನಾರಾ ಹೋಗುತ್ತೇನೆ ಎಂದಳು. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟುಬಂದಳು.

ಮಷೀನುಗಳನ್ನು ಹಡಗಿಗೆ ಕಳಿಸುವ ಮುಂಚೆ ಒರೆಸಿ ಸ್ವಚ್ಛ ಮಾಡಬೇಕಿತ್ತು. ಜಹಾನಾರಾ ಇಬ್ಬರು ಹೆಲ್ಪರ್‌ಗಳ ಜೊತೆ ಎರಡನೇ ಶೆಡ್ಡಿಗೆ ಹೋದಳು. ಫ್ಯಾನು ಓಡುತ್ತಿರಲಿಲ್ಲ. ಅವಳು ಸಾಲಿನ ಉದ್ದಕ್ಕೂ ಒಂದೊಂದೇ ಮಷೀನಿನ ಎಣ್ಣೆ ಒರೆಸುತ್ತಾ ಬಂದಳು. ವಾಣಿಶ್ರೀಯ ಮಷೀನನ್ನು ಪಕ್ಕಕ್ಕೆ ಒರಗಿಸಿದಾಗ ಅಡಿಯ ಸಂದಿನಲ್ಲಿ ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಒಂದು ವರ್ಷದ ಕುಂಕುಮ, ಎಣ್ಣೆಯ ಜೊತೆ ಕಲಸಿ ಕಪ್ಪಾಗಿ, ಗೀರಿದರೆ ಮಾತ್ರ ಕೆಂಪು. ಚಿಂದಿಯಿಂದ ಹೋಗಲಿಲ್ಲ. ಸ್ಕ್ರೂಡ್ರೈವರ್ ತಗೊಂಡು ಕೆರೆದಳು. ಕೆರೆಯುತ್ತಾ ಕೂತವಳು ಎಷ್ಟು ಹೊತ್ತು ಅಲ್ಲೇ ಕೂತಿದ್ದಳೋ, ಹೆಲ್ಪರ್ ಬಂದು, "ಬಿಡ್ರೀ ಮೇಡಂ, ಅಲ್ಲಿ ಯಾರು ನೋಡ್ತಾರೆ," ಎಂದಾಗ ಎದ್ದಳು.

ಹೋಗುವ ಮುಂಚೆ ವಾಣಿಶ್ರೀಯನ್ನು ನೋಡಬೇಕು ಎನಿಸಿತು. ಅವಳ ಫೋನು ಸ್ವಿಚ್ ಆಫ್. ಭಾನುವಾರ ಹಳ್ಳಿಗೆ ಹೋದಳು. ದೊಡ್ಡಗಂಗಮ್ಮ ಮೊಮ್ಮಗಳ ತಲೆ ಬಾಚುತ್ತಿದ್ದಳು. ಈ ಸಲ ಚಾಪೆ ಹಾಸಲಿಲ್ಲ.

"ಇಲ್ಲಿಲ್ಲ. ಮಾಲೂರಲ್ಲೇ ಅವ್ರೆ ಇಬ್ರೂ. ಇಟ್ಟಿಗೆ ಗೂಡಲ್ಲಿ."

ಆಂಜಿಯ ಕ್ವಾರಿಯ ಕಲ್ಲೂ ಅಮೆರಿಕಕ್ಕೇ ಹೋಗುತ್ತಿತ್ತು. ಅಲ್ಲಿನ ಅಡುಗೆಮನೆಯ ಕಟ್ಟೆಗಳಿಗೆ. ಅದೂ ನಿಂತಿತ್ತು. ಗಂಡ ಹೆಂಡತಿ ಮುಂಗಡ ತಗೊಂಡು ಗೂಡಿಗೆ ಸೇರಿದ್ದರು. ಮಗುವನ್ನು ಇಂಗ್ಲಿಷ್ ಶಾಲೆ ಬಿಡಿಸಿ ಊರಿನ ಶಾಲೆಗೆ ಹಾಕಿದ್ದರು.

"ನೀನು ಅವತ್ತು ಬಂದಾಗ ನಾನು ಬ್ಯಾಡ ಅಂದಿದ್ದೆ," ಎಂದಳು ಮುದುಕಿ, ಬಾಚಣಿಗೆ ನಿಲ್ಲಿಸದೆ. "ನಾಲ್ಕು ಕುರಿ ಕಟ್ಕೊಂಡು ಹೆಂಗೋ ಇದ್ವಿ. ಆಸೆ ಹಚ್ಚಿದೋಳು ನೀನು. ಬಯ್ಯಲ್ಲಮ್ಮ. ಬಯ್ಯೋಕೂ ನಂಗೆ ಸಾಕಾಗಿದೆ. ಹೋಗ್ಬಾ."

ಮಾಲೂರಿನ ಗೂಡು ಕಾರ್ಖಾನೆಯಿಂದ ದೂರವೇನೂ ಇರಲಿಲ್ಲ. ಜಹಾನಾರಾ ಮಾರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಲ್ಲಿಗೆ ನಡೆದು ಹೋದಳು. ವಾಣಿಶ್ರೀ ಹಸಿ ಇಟ್ಟಿಗೆಗಳನ್ನು ಒಂದೊಂದಾಗಿ ಮಗ್ಗುಲು ತಿರುಗಿಸಿ ಬಿಸಿಲಿಗೆ ಇಡುತ್ತಿದ್ದಳು. ತಲೆಗೆ ಟವೆಲ್ಲು ಸುತ್ತಿಕೊಂಡಿದ್ದಳು. ಕೈಯ ಚರ್ಮ ಒಡೆದು, ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಆಪಾಳನ್ನು ನೋಡಿ ಎದ್ದು ನಿಂತು, ಕೂರಲು ಒಂದು ಇಟ್ಟಿಗೆ ಸಾಲನ್ನು ಸೆರಗಿನಿಂದ ಒರೆಸಿದಳು. ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಜಹಾನಾರಾಗೆ ಹಗುರವಾಗುತ್ತಿತ್ತು.

ಕೀನ್ಯಾದ ಮಾತು ಹೇಳಿದಳು. ಮಷೀನು ಹೋಗುತ್ತಿರುವುದನ್ನೂ ಹೇಳಿದಳು.

"ನನ್ ಮಷೀನೂನಾ?"

"ಹೂಂ."

"ಅಲ್ಲಿ ಹುಡುಗೀರಿಗೆ ಏನು ಕಲಿಸ್ತೀರಿ ಆಪಾ?"

"ಇದೇ. ತೋಳು ಜೋಡಿಸೋದು, ಕಾಲರ್ ಇಡೋದು."

ವಾಣಿಶ್ರೀ ತಲೆಯ ಟವೆಲ್ಲನ್ನು ಬಿಗಿ ಮಾಡಿಕೊಂಡಳು. "ಅವರ ಮನೆಗೂ ನೀವೇ ಹೋಗಿ ಕೇಳ್ಬೇಕಾ? ಅತ್ತೆ ಮಾವಂದಿರನ್ನ?"

ಅವಳು ಚುಚ್ಚಲು ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದಳು. ಮೇಸ್ತ್ರಿ ದೂರದಿಂದ ಏನೋ ಕೂಗಿದ. ವಾಣಿಶ್ರೀ, "ಬರ್ತೀನಿ ಆಪಾ, ಇವು ಒಣಗ್ದೆ ಇದ್ರೆ ನಮ್ಮ ಲೆಕ್ಕಕ್ಕೆ ಬರಲ್ಲ," ಎಂದು ಮತ್ತೆ ಕುಕ್ಕರಗಾಲಿನಲ್ಲಿ ಕೂತಳು.

ಆ ವಾರ ಜಹಾನಾರಾ ಕದಿರೇಶನ ಕೋಣೆಗೆ ಹೋಗಿ ತಾನು ಹೋಗುವುದಿಲ್ಲ ಎಂದಳು. ಕಾರಣ ಕೇಳಿದ. ಅಪ್ಪನಿಗೆ ವಯಸ್ಸಾಯಿತು ಎಂದಳು. ಅವನು ಒತ್ತಾಯ ಮಾಡಲಿಲ್ಲ. ಹೊಸೂರಿನ ಒಬ್ಬ ಸೂಪರ್‌ವೈಸರ್ ಆ ಜಾಗಕ್ಕೆ ಹೋದ. ಡಿಸೆಂಬರಿನಲ್ಲಿ ಮೊದಲನೇ ಶೆಡ್ಡೂ ಅರ್ಧಕ್ಕಿಳಿಯಿತು. ತೆಗೆದುಹಾಕಿದವರ ಪಟ್ಟಿಯಲ್ಲಿ ಜಹಾನಾರಾ ಇದ್ದಳು. ಹೊಸ ವರ್ಷಕ್ಕೆ ಕದಿರೇಶನೂ ಇರಲಿಲ್ಲ. ಶ್ರೀನಿವಾಸಪುರದಲ್ಲಿ ತೋಟ ನೋಡಿಕೊಂಡಿದ್ದಾನೆ ಎಂದು ಯಾರೋ ಹೇಳಿದರು.

ಅಂಬ್ರೀನ್ ಕೊನೆಯ ವರ್ಷ ಪೂರ್ತಿ ಮಾಡಲಿಲ್ಲ. ಕೋಲಾರದ ಒಂದು ಸೀರೆ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿದಳು. ತಾಯಿಯ ಜೊತೆ ಜಗಳವಾಡುವ ಹುಡುಗಿಯಲ್ಲ. ಒಂದೇ ಒಂದು ಸಲ, ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳಿದಳು.

"ಅಮ್ಮಿ, ನೀನು ಹೋಗದೆ ಇದ್ದಿದ್ದರಿಂದ ಅವರಲ್ಲಿ ಯಾರಿಗಾದ್ರೂ ಏನಾದ್ರೂ ಸಿಕ್ತಾ?"

"ಇಲ್ಲ."

"ಹಂಗಾದ್ರೆ ಯಾಕೆ?"

ಉತ್ತರಕ್ಕೆ ಕಾಯದೆ ಅಂಬ್ರೀನ್ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಆಮೇಲೆ ಆ ಮಾತು ಮತ್ತೆ ಬರಲಿಲ್ಲ. ಜಹಾನಾರಾ ಒಬ್ಬಳೇ ಇರುವಾಗ ಅದಕ್ಕೆ ಉತ್ತರ ಹುಡುಕುತ್ತಾಳೆ. ಕೆಲವು ದಿನ ತಾನು ಮಾಡಿದ್ದು ಸರಿ ಎನಿಸುತ್ತದೆ. ಹೆಚ್ಚಿನ ದಿನಗಳಲ್ಲಿ, ತನ್ನ ಒಬ್ಬಳ ಮನಸ್ಸಿನ ನೆಮ್ಮದಿಗೆ ಮಗಳ ಓದನ್ನು ಕೊಟ್ಟೆ ಎನಿಸುತ್ತದೆ. ಆ ನೆಮ್ಮದಿಯೂ ಸಿಗಲಿಲ್ಲ.

೨೦೨೬ರ ಫೆಬ್ರವರಿಯಲ್ಲಿ ಎರಡು ದೇಶದವರಿಗೂ ಒಪ್ಪಂದವಾಯಿತು, ಸುಂಕ ಇಳಿಯಿತು ಎಂದು ಸುದ್ದಿ ಬಂತು. ಟಿವಿಯಲ್ಲಿ ಪಟಾಕಿಯ ಚಿತ್ರ ತೋರಿಸಿದರು. ಅಂದು ಮಧ್ಯಾಹ್ನದ ಹೊತ್ತಿಗೆ ಜಹಾನಾರಾಳ ಫೋನು ಬಿಸಿಯಾಗುವಷ್ಟು ಕರೆಗಳು. ಆಪಾ, ಶೆಡ್ಡು ತೆಗೀತಾರಂತಾ? ಆಪಾ, ವ್ಯಾನು ಯಾವತ್ತಿನಿಂದ? ಗೊತ್ತಿಲ್ಲ, ಕೇಳಿ ಹೇಳ್ತೀನಿ ಎಂದಳು. ಕೇಳಲು ಕಾರ್ಖಾನೆಯ ಆಫೀಸಿನಲ್ಲಿ ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ. ಕೊನೆಗೆ ಮುತ್ಯಾಲಮ್ಮ ಮತ್ತು ಇನ್ನಿಬ್ಬರು ಬೆಳಗ್ಗೆಯೇ ಮುಳಬಾಗಿಲಿಗೆ ಬಂದು ಅಂಗಡಿಯ ಮುಂದೆ ನಿಂತರು. ನಡೀರಿ ಆಪಾ, ಹೋಗಿ ನೋಡಿಬರೋಣ ಎಂದರು. ಮುತ್ಯಾಲಮ್ಮ ಬಾಡಿಗೆ ಕೋಣೆ ಬಿಟ್ಟು ತಮ್ಮನ ಜಗಲಿಗೆ ಮರಳಿದ್ದಳು. ಆದರೂ ಆ ದಿನ ತಲೆಗೆ ಹೂ ಮುಡಿದು ಬಂದಿದ್ದಳು.

ಮಾಲೂರಿನಲ್ಲಿ ಎರಡನೇ ಶೆಡ್ಡಿಗೆ ಬೇರೆ ಗೇಟು ಇಟ್ಟಿದ್ದರು, ಬೇರೆ ಬೋರ್ಡು. ಹಳೇ ವಾಚ್‌ಮ್ಯಾನೇ ಇದ್ದ. ಮರ್ಯಾದೆಯಿಂದ ಮಾತಾಡಿಸಿದ. ಶೆಡ್ಡನ್ನು ಯಾವುದೋ ಆನ್‌ಲೈನ್ ಕಂಪನಿಗೆ ಗೋದಾಮಿಗೆ ಬಾಡಿಗೆ ಕೊಟ್ಟಿದ್ದಾರೆ, ಐದು ವರ್ಷದ ಕರಾರು ಎಂದ. ಬಾಗಿಲ ಸಂದಿಯಿಂದ ಒಳಗೆ ನೋಡಲು ಬಿಟ್ಟ. ಮಷೀನುಗಳಿದ್ದ ಕಡೆ ಸೂರಿನವರೆಗೂ ರಟ್ಟಿನ ಪೆಟ್ಟಿಗೆಗಳು.

"ಸುಂಕ ಇಳೀತಲ್ಲಣ್ಣ," ಎಂದಳು ಮುತ್ಯಾಲಮ್ಮ.

"ಇಳೀತಮ್ಮ. ಆದ್ರೆ ಆಫ್ರಿಕಾಗೆ ಹೋದ ಆರ್ಡರು ಅಲ್ಲೇ ಇದೆಯಂತೆ. ಸಾಹೇಬ್ರು ಹೇಳ್ತಿದ್ರು, ಇಲ್ಲಿ ಇವತ್ತು ಇಳಿಯುತ್ತೆ, ನಾಳೆ ಮತ್ತೆ ಏರುತ್ತೆ, ಯಾರು ನಂಬ್ಕೊಂಡು ಮಷೀನು ವಾಪಸ್ ತರ್ತಾರೆ ಅಂತ."

"ಲೋಡಿಂಗಿಗೆ ಜನ ಬೇಕಾ?"

"ಗಂಡಸರನ್ನಷ್ಟೇ ತಗೋತಾರೆ."

ಬಂದ ದಾರಿಯಲ್ಲೇ ವಾಪಸ್ಸು ಹೊರಟರು. ಕೋಲಾರದಲ್ಲಿ ಬಸ್ಸು ಬದಲಾಯಿಸುವಾಗ ಒಬ್ಬಳು ಕಡಲೆಕಾಯಿ ಕೊಂಡು ಎಲ್ಲರ ಕೈಗೂ ಹಾಕಿದಳು. ಮುಳಬಾಗಿಲಿನಲ್ಲಿ ಇಳಿದಾಗ ತಾಯಲೂರಿನ ಕಡೆಯ ಶೇರ್ ಆಟೋ ನಿಂತಿತ್ತು. ಇಬ್ಬರು ಹತ್ತಿ ಕೂತರು. ಮುತ್ಯಾಲಮ್ಮ ಒಂದು ಕಾಲು ಆಟೋದೊಳಗೆ ಇಟ್ಟು ತಿರುಗಿದಳು.

"ಉಗಾದಿ ಆದ್ಮೇಲೆ ಇನ್ನೊಂದ್ಸಲ ಬಂದು ಕೇಳೋಣ್ವಾ ಆಪಾ?"

ಜಹಾನಾರಾ ಎಂದಿನಂತೆ ಹೂಂ ಎನ್ನಬಹುದಿತ್ತು. ಅನ್ನುವುದು ಸುಲಭವಿತ್ತು.

"ಬೇಡ ಕಣೇ," ಎಂದಳು. "ಆ ಶೆಡ್ಡು ಇನ್ನು ತೆಗೆಯಲ್ಲ. ಅವರು ಕರೆಯಲ್ಲ. ನನ್ನ ಮಾತು ನಂಬ್ಕೊಂಡು ಕಾಯ್ಬೇಡಿ."

ಮುತ್ಯಾಲಮ್ಮ ಅವಳ ಮುಖವನ್ನೇ ನೋಡಿದಳು. "ಇದನ್ನ ಆವಾಗ್ಲೇ ಹೇಳಿದ್ದಿದ್ರೆ ನಾನು ಇಷ್ಟು ದಿನ ಬೇರೆ ಕಡೆ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತಿದ್ದೆ ಆಪಾ. ಟೊಮೇಟೊ ಮಂಡಿಯೋರು ಕರೆದಿದ್ರು. ನೀವು ಕರೀತೀರ ಅಂತ ಹೋಗ್ಲಿಲ್ಲ." ಆಮೇಲೆ ತಾನೇ, "ಹೋಗ್ಲಿ ಬಿಡಿ," ಎಂದು ಹತ್ತಿ ಕೂತಳು. ಆಟೋ ಹೊರಟಿತು.

ಅಂದಿನಿಂದ ಫೋನು ಬರುವುದು ನಿಂತಿತು. ಮುತ್ಯಾಲಮ್ಮ ಎಲ್ಲರಿಗೂ ಹೇಳಿರಬೇಕು.

ಈಗ ಜಹಾನಾರಾ ಅಪ್ಪನ ಅಂಗಡಿಯಲ್ಲಿ ಕೂರುತ್ತಾಳೆ. ಹೊಸ ಬಟ್ಟೆ ಹೊಲಿಸಲು ಬರುವವರು ಅಪರೂಪ. ಫೋನಿನಲ್ಲಿ ತರಿಸಿಕೊಂಡ ಬಟ್ಟೆ ಸಡಿಲವಾದರೆ ಬಿಗಿ ಮಾಡಿಸಲು, ಉದ್ದವಾದರೆ ಕತ್ತರಿಸಲು ಬರುತ್ತಾರೆ. ಸಂತೆಯ ದಿನ ಹಳ್ಳಿಯ ಹೆಂಗಸರು ಆ ರಸ್ತೆಯಲ್ಲೇ ಹಾದುಹೋಗುತ್ತಾರೆ. ಕೆಲವರು ನಿಂತು ಚೆನ್ನಾಗಿದೀರಾ ಆಪಾ ಎಂದು ಕೇಳುತ್ತಾರೆ. ಕೆಲವರು ರಸ್ತೆಯ ಆಚೆ ಬದಿಗೆ ಸರಿದು ನಡೆ ಬಿರುಸು ಮಾಡುತ್ತಾರೆ. ಅವಳು ಎರಡೂ ಥರದವರನ್ನು ನೋಡುತ್ತಾಳೆ. ಅಂಗಡಿಗೆ ಬಂದವರು ಏನು ಹೇಳಿದಿರಿ ಎಂದು ಎರಡೆರಡು ಸಲ ಕೇಳುವಷ್ಟು ಅವಳ ದನಿ ಸಣ್ಣದಾಗಿದೆ.